ಜೆ-ಪೌಚ್ ಇದ್ದವರಿಗೆ ಸೊಂಟನೋವು, ಹಲ್ಲುನೋವು ಬಂದರೆ ಯಾವ ಮಾತ್ರೆ?

ಪೆರ್ಲ_ತೋಟ

ತಮ್ಮನಿಗಾಗಿ ಕೇಳುತ್ತಿದ್ದೇನೆ. ವಯಸ್ಸು 36, ತೂಕ 52 ಕಿಲೋ. ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡಕರುಳಿನಲ್ಲಿ ಹುಣ್ಣಾಗುವ ಕಾಯಿಲೆ ಇತ್ತು. ದೊಡ್ಡಕರುಳು ಪೂರ್ತಿ ತೆಗೆದು, ಸಣ್ಣಕರುಳಿನ ತುದಿಯನ್ನೇ ಒಳಗೆ ಚೀಲದ ಹಾಗೆ ಹೊಲಿದು ಜೆ-ಪೌಚ್ ಮಾಡಿದ್ದಾರೆ, ಮಲ ತುಂಬಲು ಹೊಟ್ಟೆ ಮೇಲೆ ಹಾಕಿದ್ದ ಚೀಲವೂ ಹೋಗಿದೆ. ದಿನಕ್ಕೆ ಆರೇಳು ಸಲ ಕಕ್ಕಸಿಗೆ ಹೋಗುವುದುಂಟು, ಅಷ್ಟು ಮಾಮೂಲು ಎಂದು ಡಾಕ್ಟರು ಹೇಳಿದ್ದಾರೆ. ರಾತ್ರಿ ಮಲಗುವಾಗ ಬೇಧಿ ತಡೆಯುವ ಒಂದು ಲೋಪೆರಮೈಡ್ ಬಿಟ್ಟರೆ ಬೇರೆ ಮದ್ದಿಲ್ಲ.

ಅಡಿಕೆ ಕೆಲಸ ಶುರುವಾದ ಮೇಲೆ ಸೊಂಟನೋವು. ಡಿಸ್ಚಾರ್ಜ್ ಸಮ್ಮರಿಯ ಕೊನೆಗೆ "ಎನ್‌ಎಸ್‌ಎಐಡಿ ಬೇಡ" ಎಂದು ಒಂದು ಸಾಲು ಉಂಟು, ವಿವರ ಇಲ್ಲ. ಮೆಡಿಕಲಿನಲ್ಲಿ ಕೇಳಿದರೆ ಯಾವುದೋ ಸ್ಟ್ರಿಪ್ಪಿನಿಂದ ನಾಲ್ಕು ಕತ್ತರಿಸಿ ಕೊಟ್ಟು "ಜೊತೆಗೆ ಗ್ಯಾಸಿನ ಮಾತ್ರೆ ತಗೊಳ್ಳಿ, ಎಂತ ಆಗುದಿಲ್ಲ" ಅನ್ನುತ್ತಾರೆ. ಡೋಲೋ ತಾಗುವುದೇ ಇಲ್ಲ ಎಂಬುದು ತಮ್ಮನ ವಾದ. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ, ಮುಲಾಮು ಮತ್ತು ಇಂಜೆಕ್ಷನ್ ಆದರೂ ಆದೀತೇ? ತಿಳಿದವರು ಬಿಡಿಸಿ ಹೇಳಿ.

ಔಷಧಿ_ಕಪಾಟು

ಕತ್ತರಿಸಿ ಕೊಟ್ಟ ಮಾತ್ರೆಯನ್ನು ಮೊದಲು ಹಿಂದೆ ಕೊಡಿ. ಒಳಗೆ ಎಂತ ಉಂಟು ಎಂದು ಸ್ಟ್ರಿಪ್ಪಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಆ ಭಾಗ ಇಲ್ಲದ ತುಂಡಿನಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ. ಪೌಚ್ ಇರುವವರು ಮುಂಬದಿಯ ದೊಡ್ಡ ಹೆಸರನ್ನು ನಂಬುವ ಹಾಗೇ ಇಲ್ಲ.

ಹಿಂಬದಿಯಲ್ಲಿ ಇವುಗಳಲ್ಲಿ ಯಾವುದು ಕಂಡರೂ ಬೇಡ: ಐಬುಪ್ರೊಫೇನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಮೆಫೆನಾಮಿಕ್ ಆಸಿಡ್, ನ್ಯಾಪ್ರೊಕ್ಸೆನ್, ಕೆಟೊರೊಲ್ಯಾಕ್, ಪೈರಾಕ್ಸಿಕ್ಯಾಮ್, ಇಂಡೊಮೆಥಾಸಿನ್, ಲಾರ್ನಾಕ್ಸಿಕ್ಯಾಮ್, ನಿಮೆಸುಲೈಡ್, ನೋವಿಗೆಂದು ನುಂಗುವ ಆಸ್ಪಿರಿನ್. ಇವೆಲ್ಲ ಸೇರಿಯೇ ಎನ್‌ಎಸ್‌ಎಐಡಿ ಎಂಬ ನೋವಿನ ಮಾತ್ರೆಗಳ ಗುಂಪು.

ನಮ್ಮ ಕಡೆ ಕೈಗೆ ಬರುವ ಹೆಸರುಗಳು ಹೇಳುವುದಾದರೆ, ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೇನ್ 400 ಮತ್ತು ಪ್ಯಾರಾಸಿಟಮಾಲ್ 325 ಮಿಲಿಗ್ರಾಂ. ಝೀರೊಡಾಲ್-ಪಿಯಲ್ಲಿ ಅಸಿಕ್ಲೋಫೆನಾಕ್ 100, ಪ್ಯಾರಾಸಿಟಮಾಲ್ 325. ಎಸ್‌ಪಿ ಎಂದರೆ ಅದಕ್ಕೇ ಸೆರಾಶಿಯೊಪೆಪ್ಟಿಡೇಸ್ ಸೇರಿಸಿದ್ದು. ವೊವೆರಾನ್ ಡೈಕ್ಲೋಫೆನಾಕ್, ನೈಸ್ ನಿಮೆಸುಲೈಡ್, ಮೆಫ್ಟಾಲ್-ಸ್ಪಾಸ್ ಮೆಫೆನಾಮಿಕ್ ಆಸಿಡ್ 250 ಮತ್ತು ಡೈಸೈಕ್ಲೊಮಿನ್ 10. ಡಿಸ್ಪ್ರಿನ್ ಆಸ್ಪಿರಿನ್.

ದೊಡ್ಡ ಗುಂಡಿ ಇರುವುದು "ಡೋಲೋ" ಎಂಬ ಎರಡಕ್ಷರದಲ್ಲಿ. ಡೋಲೋ 650 ಎಂದರೆ ಬರೀ ಪ್ಯಾರಾಸಿಟಮಾಲ್, ಅದು ಸರಿ. ಡೋಲೋನೆಕ್ಸ್ ಎಂದರೆ ಪೈರಾಕ್ಸಿಕ್ಯಾಮ್, ದೇಹದಲ್ಲಿ ದಿನಗಟ್ಟಲೆ ಉಳಿಯುವ ಎನ್‌ಎಸ್‌ಎಐಡಿ. ಡೋಲೋಕೈಂಡ್ ಎಂದರೆ ಅಸಿಕ್ಲೋಫೆನಾಕ್. ಗಡಿಬಿಡಿಯಲ್ಲಿ "ಡೋಲೋ ಕೊಡಿ" ಎಂದರೆ ಯಾವುದು ಬಂತು ಎಂದು ನೋಡಿಯೇ ಹಣ ಕೊಡಿ. ಇನ್ನೂ ಸುಲಭ, ಬ್ರಾಂಡ್ ಬಿಟ್ಟು "ಪ್ಯಾರಾಸಿಟಮಾಲ್ ಮಾತ್ರ ಇರುವ 650" ಎಂದು ಕೇಳಿ. ಜನೌಷಧಿಯಲ್ಲಿ ಹಾಗೇ ಮೂಲ ಹೆಸರಿನಲ್ಲೇ ಸಿಗುತ್ತದೆ.

ಗ್ಯಾಸಿನ ಮಾತ್ರೆ ಜೊತೆಗಿದ್ದರೆ ಸಾಕು ಎಂಬುದು ಜಠರದ ಮಟ್ಟಿಗೆ ನಿಜ. ಪ್ಯಾಂಟೊಪ್ರಜೋಲ್ ಆಮ್ಲ ಕಡಿಮೆ ಮಾಡಿ ಜಠರವನ್ನೂ ಅದರ ಮುಂದಿನ ಡುವೊಡಿನಮನ್ನೂ ಕಾಯುತ್ತದೆ. ಪೌಚ್ ಅಲ್ಲಿಲ್ಲ. ಸಣ್ಣಕರುಳಿನ ಕಟ್ಟಕಡೆಯ ಭಾಗವಾದ ಇಲಿಯಮ್ಮಿನ ಸುಮಾರು 30ರಿಂದ 40 ಸೆಂಟಿಮೀಟರನ್ನು ಮಡಚಿ ಹೊಲಿದು ಪೌಚ್ ಮಾಡುವುದು. ಅಲ್ಲಿ ಆಗುವ ಹುಣ್ಣಿಗೂ ಆಮ್ಲಕ್ಕೂ ಸಂಬಂಧ ಇಲ್ಲ. ಕರುಳಿನ ಒಳಪದರವನ್ನು ಕಾಯುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ತಯಾರಾಗುವುದನ್ನೇ ಈ ಮಾತ್ರೆಗಳು ತಡೆಯುತ್ತವೆ. ಡೈಕ್ಲೋಫೆನಾಕ್‌ನಂಥವು ರಕ್ತಕ್ಕೆ ಸೇರಿದ ಮೇಲೆ ಪಿತ್ತದ ಜೊತೆ ಮತ್ತೆ ಕರುಳಿಗೆ ಇಳಿದು ಇಲಿಯಮ್ಮಿನ ವರೆಗೂ ಬರುತ್ತವೆ. ಹಾಗಾಗಿ ಇಂಜೆಕ್ಷನ್ ಆದರೂ ಪೌಚಿಗೆ ತಪ್ಪಿದ್ದಲ್ಲ. "ಎಂಟೆರಿಕ್ ಕೋಟೆಡ್" ಎಂದು ಬರೆದದ್ದು ಇನ್ನೂ ಕೆಟ್ಟದು, ಅದು ಜಠರ ದಾಟಿ ಕರುಳಿನಲ್ಲೇ ಕರಗುವುದಕ್ಕೆಂದು ಮಾಡಿದ್ದು.

ಗುದದ ಮೂಲಕ ಇಡುವ ಡೈಕ್ಲೋಫೆನಾಕ್ ಸಪೊಸಿಟರಿ ಅಂತೂ ನೇರ ಪೌಚಿನೊಳಗೇ ಕರಗುತ್ತದೆ. ಬೇಡವೇ ಬೇಡ.

ಸಿಸ್ಟರ್_ಹೊಸಂಗಡಿ

ಮೇಲಿನವರು ಹೇಳಿದ್ದು ಸರಿ. "ಡೋಲೋ ತಾಗುವುದಿಲ್ಲ" ಎಂಬ ಮಾತಿಗೆ ನಾನು ಬರುತ್ತೇನೆ.

ತಾಗದಿರುವುದಕ್ಕೆ ಹೆಚ್ಚಾಗಿ ಕಾರಣ ತೆಗೆದುಕೊಳ್ಳುವ ಕ್ರಮ. ನೋವು ಏರಿ ಬೆನ್ನು ನೆಟ್ಟಗೆ ಮಾಡಲಿಕ್ಕಾಗದಾಗ ಒಂದು ನುಂಗಿ, ಅರ್ಧ ಗಂಟೆ ನೋಡಿ, ಆಗಲಿಲ್ಲ ಎಂದು ಬಿಡುತ್ತಾರೆ. ಪ್ಯಾರಾಸಿಟಮಾಲ್ ಪೂರ್ತಿ ಹಿಡಿಯಲು ಅರ್ಧದಿಂದ ಒಂದು ಗಂಟೆ ಬೇಕು, ನಾಲ್ಕರಿಂದ ಆರು ಗಂಟೆಯಲ್ಲಿ ಅದು ಇಳಿಯುತ್ತದೆ. ಸೊಂಟ ಹಿಡಿದ ಎರಡು ಮೂರು ದಿನ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು: ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6, ಮಲಗುವಾಗ. ನೋವು ಇಲ್ಲದಿದ್ದರೂ ಆ ಹೊತ್ತಿಗೆ ಒಂದು.

ಪ್ರಮಾಣ ತೂಕದ ಮೇಲೆ. ಒಂದು ಸಲಕ್ಕೆ ಕಿಲೋಗೆ 15 ಮಿಲಿಗ್ರಾಂ ಲೆಕ್ಕ ಹಿಡಿದರೆ 52 ಕಿಲೋಗೆ 780. ಅಂದರೆ ತಮ್ಮನಿಗೆ ಒಂದು ಹೊತ್ತಿಗೆ ಒಂದು 650, ದಿನಕ್ಕೆ ನಾಲ್ಕು, ಒಟ್ಟು 2600 ಮಿಲಿಗ್ರಾಂ. ಬೇಗ ತಾಗಲಿ ಎಂದು ಎರಡು 650 ಒಟ್ಟಿಗೆ ನುಂಗಿದರೆ 1300 ಆಗುತ್ತದೆ, ಅದು ಯಾರಿಗೂ ಒಂದು ಸಲದ ಪ್ರಮಾಣ ಅಲ್ಲ. ಗಟ್ಟಿ ಮೈಕಟ್ಟಿನವರಿಗೆ, ಲಿವರ್ ಸರಿ ಇರುವವರಿಗೆ ಒಂದು ಸಲಕ್ಕೆ 1 ಗ್ರಾಂ, ದಿನಕ್ಕೆ 4 ಗ್ರಾಂ ಮೇಲಿನ ಮಿತಿ. ತುಂಬ ಡಾಕ್ಟರುಗಳು 3 ಗ್ರಾಮಿನಲ್ಲೇ ನಿಲ್ಲಿಸುತ್ತಾರೆ.

ಕೊಲೈಟಿಸ್ ಇದ್ದ ಕೆಲವರಿಗೆ ಪಿತ್ತನಾಳ ಗಟ್ಟಿಯಾಗುವ ಕಾಯಿಲೆ, ಪಿಎಸ್‌ಸಿ, ಜೊತೆಗೇ ಇರುತ್ತದೆ. ದೊಡ್ಡಕರುಳು ತೆಗೆದರೂ ಅದು ಹೋಗುವುದಿಲ್ಲ. ಹಳೆಯ ಫೈಲಿನಲ್ಲಿ ಆ ಹೆಸರು ಇದ್ದರೆ, ಅಥವಾ ದಿನಾ ಕುಡಿಯುವ ಅಭ್ಯಾಸ ಇದ್ದರೆ, ಮೇಲಿನ ಲೆಕ್ಕ ಹಿಡಿಯಬೇಡಿ, ಲಿವರ್ ಟೆಸ್ಟ್ ತೋರಿಸಿ ಪ್ರಮಾಣ ಕೇಳಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೂ ಹಾಗೆಯೇ, ದಿನಗಟ್ಟಲೆ ಪ್ಯಾರಾಸಿಟಮಾಲ್ ತಿಂದರೆ ಐಎನ್‌ಆರ್ (ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತದೆ ಎಂಬ ಲೆಕ್ಕ) ಏರುತ್ತದೆ. ಶೀತದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಅಡಗಿರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಮಾತ್ರೆಯ ಬಗೆಯೂ ಮುಖ್ಯ. ಎಸ್‌ಆರ್, ಇಆರ್, ಸಿಆರ್ ಎಂದು ಹೆಸರಿನ ಕೊನೆಗೆ ಇದ್ದರೆ ಅದು ನಿಧಾನವಾಗಿ ಗಂಟೆಗಟ್ಟಲೆ ಕರಗುವಂಥದ್ದು. ದೊಡ್ಡಕರುಳು ಇಲ್ಲದವರಲ್ಲಿ ಅದು ಪೂರ್ತಿ ಕರಗುವ ಮೊದಲೇ ಹೊರಗೆ ಹೋಗಬಹುದು. ಕಕ್ಕಸಿನಲ್ಲಿ ಮಾತ್ರೆ ಇಡಿಯಾಗಿ ಕಂಡರೆ ಕೆಲವೊಮ್ಮೆ ಅದು ಮದ್ದು ಬಿಟ್ಟುಕೊಟ್ಟ ಖಾಲಿ ಸಿಪ್ಪೆ, ಕೆಲವೊಮ್ಮೆ ಅಲ್ಲ. ಯಾವುದೆಂದು ನೋಡಿ ಹೇಳಲಾಗುವುದಿಲ್ಲ, ಆದ್ದರಿಂದ ಸಾದಾ ಮಾತ್ರೆಯೇ ಒಳ್ಳೆಯದು. ನೀರಿನಲ್ಲಿ ಕರಗಿಸುವುದೂ ಆಗಬಹುದು, ಆದರೆ ಗುಳ್ಳೆ ಬರುವ ಬಗೆಯಲ್ಲಿ ಸೋಡಿಯಂ ಜಾಸ್ತಿ, ಬಿ.ಪಿ. ಇದ್ದವರು ನೋಡಿಕೊಳ್ಳಬೇಕು. ಸಿರಪ್ ಆದರೆ ಸಾರ್ಬಿಟಾಲ್ ಇಲ್ಲದ್ದು ನೋಡಿ, ಅದು ಬೇಧಿ ಹೆಚ್ಚಿಸುತ್ತದೆ.

ಇನ್ನೊಂದು ಮಾತು, ಇದು ಮಾತ್ರೆಗಿಂತ ದೊಡ್ಡದು. ನೀರನ್ನೂ ಉಪ್ಪನ್ನೂ ಹಿಂದಕ್ಕೆ ಹೀರಿಕೊಳ್ಳುವ ದೊಡ್ಡಕರುಳು ಇವರಿಗಿಲ್ಲ. ತೋಟದಲ್ಲಿ ಬೆವರು ಹರಿಸಿದರೆ ಬೇಗ ನೀರಿಳಿಯುತ್ತದೆ. ನೀರಿಳಿದಾಗ ಕಿಡ್ನಿಗೆ ರಕ್ತ ಹೋಗುವುದನ್ನು ಕಾಯುವುದೂ ಅದೇ ಪ್ರೊಸ್ಟಗ್ಲಾಂಡಿನ್. ಆ ಹೊತ್ತಿಗೆ ಡೈಕ್ಲೋಫೆನಾಕ್ ಬಿದ್ದರೆ ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋತದ್ದರ ಗುರುತು, ಏರುವುದು ಕಂಡ ವಿಷಯ. ಮೂತ್ರ ಹಳದಿ ಗಟ್ಟಿಯಾಗಿ ಬರುತ್ತಿದ್ದರೆ ಸೊಂಟನೋವಿನ ಅರ್ಧ ಕಾರಣ ಅದೇ ಇರಬಹುದು, ಕಾಲು ಸೆಳೆತವೂ ಅದರಿಂದಲೇ. ಒಂದು ದೊಡ್ಡ ಪ್ಯಾಕೆಟ್ ಓಆರ್‌ಎಸ್‌ಗೆ ಒಂದು ಲೀಟರ್ ನೀರು, ಕಡಿಮೆ ಮಾಡಬೇಡಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಮಟ್ಟಸ ಅರ್ಧ ಟೀ ಚಮಚ ಉಪ್ಪು. ಉಪ್ಪು ಹಾಕಿದ ಗಂಜಿತಿಳಿ ಒಳ್ಳೆಯದು. ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಉಂಟು, ಸೋಡಿಯಂ ತೀರಾ ಕಡಿಮೆ, ಓಆರ್‌ಎಸ್ ಬದಲಿಗೆ ಅದೊಂದೇ ಸಾಲದು.

ಬಾಯಾರು_ಬೈಲು

ಎಟೊರಿಕಾಕ್ಸಿಬ್ ಹೊಟ್ಟೆಗೆ ಏನೂ ಮಾಡುವುದಿಲ್ಲ, ಅದು ಹೊಸ ಬಗೆ. ಯಾರೂ ಹೇಳಲಿಲ್ಲವಲ್ಲ?

ಔಷಧಿ_ಕಪಾಟು

ಹೇಳದೆ ಬಿಟ್ಟದ್ದು ಬೇಕಂತಲೇ. ಎಟೊರಿಕಾಕ್ಸಿಬ್, ಸೆಲೆಕಾಕ್ಸಿಬ್ ಎರಡೂ ಎನ್‌ಎಸ್‌ಎಐಡಿಗಳೇ, ಕಾಕ್ಸ್-2 ಎಂಬ ಒಂದೇ ಕಿಣ್ವವನ್ನು ಹೆಚ್ಚಾಗಿ ತಡೆಯುವಂಥವು. ಜಠರದ ಹುಣ್ಣು ಕಡಿಮೆ ಎಂಬುದು ಸರಿ. ಶಾಂತವಾಗಿದ್ದ ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಸೆಲೆಕಾಕ್ಸಿಬನ್ನು ಎರಡು ವಾರ ಕೊಟ್ಟು ನೋಡಿದ ಅಧ್ಯಯನದಲ್ಲಿ ಕಾಯಿಲೆ ಹೆಚ್ಚು ಕೆರಳಲಿಲ್ಲ. ಆದರೆ ಅದು ಎರಡು ವಾರ, ಅದೂ ದೊಡ್ಡಕರುಳು ಇದ್ದವರಲ್ಲಿ. ಪೌಚಿನವರಿಗೆ ಅದನ್ನೇ ಪ್ರಮಾಣ ಎಂದು ಹಿಡಿಯಲಾಗದು. ಕಿಡ್ನಿಯ ಅಪಾಯ ಎರಡರಲ್ಲೂ ಹಾಗೇ ಉಂಟು, ಹೃದಯದ್ದೂ ಉಂಟು. ಬೇರೆ ಯಾವುದೂ ಹಿಡಿಯದ ಸಂಧಿವಾತಕ್ಕೆ ಗ್ಯಾಸ್ಟ್ರೋ ಡಾಕ್ಟರು ತಾವೇ ನಿಂತು, ಕಡಿಮೆ ಪ್ರಮಾಣ, ಕಡಿಮೆ ದಿನ ಎಂದು ಬರೆದುಕೊಟ್ಟರೆ ಅದು ಬೇರೆ. ಕೌಂಟರಿನಲ್ಲಿ ಕೇಳಿ ತೆಗೆದುಕೊಳ್ಳುವ ಮಾತ್ರೆ ಇದಲ್ಲ.

ಪೆರ್ಲ_ತೋಟ

ತುಂಬ ಉಪಕಾರ. ಹೋದ ವಾರ ಎರಡು ಝೀರೊಡಾಲ್ ತಿಂದಾಗಿದೆ. ಈಗ ಎಂತ ಮಾಡುವುದು? ಮತ್ತೆ ಮನೆಯಲ್ಲಿ ಅತ್ತೆ ಹೇಳುವುದು, ಕಷಾಯ ಕುಡಿದು ಏಳು ದಿನ ವಸ್ತಿ ಮಾಡಿಸಿದರೆ ಸೊಂಟನೋವು ಬುಡಸಮೇತ ಹೋಗುತ್ತದೆ ಅಂತ.

ಕಷಾಯ_ಪಾತ್ರೆ

ವಸ್ತಿಯ ಮಾತನ್ನು ಅಲ್ಲಿಗೇ ನಿಲ್ಲಿಸಿ. ಆಯುರ್ವೇದ ಓದಿದವನಾಗಿಯೇ ಹೇಳುತ್ತಿದ್ದೇನೆ. ಸೊಂಟನೋವಿಗೆ ಕಷಾಯವಸ್ತಿ ಒಳ್ಳೆಯ ಚಿಕಿತ್ಸೆ ಹೌದು, ಅದು ದೊಡ್ಡಕರುಳು ಇರುವವರಿಗೆ. ಅರ್ಧ ಲೀಟರಿನಷ್ಟು ಕಷಾಯವನ್ನು ಗುದದ ಮೂಲಕ ಒಳಗೆ ಬಿಡುವುದು ಅದು. ಇಲ್ಲಿ ಅದು ಹೋಗುವುದು ಹೊಲಿದು ಮಾಡಿದ ಚೀಲಕ್ಕೆ, ಗುದಕ್ಕೆ ಜೋಡಿಸಿದ ಹೊಲಿಗೆಯ ಮೇಲೆ. ನಳಿಗೆ ಹಾಕುವವನಿಗೆ ಒಳಗಿನ ರಚನೆ ಗೊತ್ತಿಲ್ಲದಿದ್ದರೆ ಗಾಯವೂ ಆದೀತು. ಸ್ನೇಹವಸ್ತಿ, ಮಾತ್ರಾವಸ್ತಿ ಎಂದು ಹೆಸರು ಬದಲಿಸಿದರೂ ಹಾದಿ ಅದೇ.

ಎರಡನೆಯದು ಗಂಧರ್ವಹಸ್ತಾದಿ. ವಾತದ ನೋವೆಂದರೆ ನಮ್ಮಲ್ಲಿ ಮೊದಲು ಕೈ ಹೋಗುವುದು ಅದಕ್ಕೆ. ಗಂಧರ್ವಹಸ್ತ ಎಂದರೆ ಹರಳು ಗಿಡ. ಕಷಾಯ ಮೆಲ್ಲನೆ ಬೇಧಿ ಮಾಡಿಸುತ್ತದೆ, ಏರಂಡತೈಲ ಜೋರಾಗಿಯೇ ಮಾಡಿಸುತ್ತದೆ. ದಿನಕ್ಕೆ ಏಳು ಸಲ ಹೋಗುವವನಿಗೆ ವಿರೇಚನ ಕೊಟ್ಟರೆ ಸಂಜೆಯ ಹೊತ್ತಿಗೆ ಡ್ರಿಪ್ ಹಾಕಿಸಬೇಕಾದೀತು. ಅಳಲೆಕಾಯಿ, ಸೋನಾಮುಖಿ, ತ್ರಿವೃತ್ ಇರುವ ಲೇಹ್ಯ ಚೂರ್ಣಗಳೂ ಅದೇ ಸಾಲು. ಗುಗ್ಗುಲು ಮಾತ್ರೆ ಕೆಲವರಿಗೆ ಬೇಧಿ ಹಿಡಿಸುತ್ತದೆ. ಮಹಾಯೋಗರಾಜ ಗುಗ್ಗುಲುವಿನಲ್ಲಿ ಸೀಸದ ಭಸ್ಮವೂ ಸೇರಿರುತ್ತದೆ, ಕಿಡ್ನಿ ಯೋಚನೆ ಇರುವವರಿಗೆ ಅದು ಹೇಳಿದ್ದಲ್ಲ.

ಹೊರಗಿನಿಂದ ಮಾಡುವುದಕ್ಕೆ ತಡೆಯಿಲ್ಲ. ಕೊಟ್ಟಂಚುಕ್ಕಾದಿ ಅಥವಾ ಸಹಚರಾದಿ ತೈಲ ಬಿಸಿ ಮಾಡಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಬಿಸಿನೀರು. ಹೊಟ್ಟೆಯ ಗಾಯದ ಗುರುತಿನ ಸುತ್ತ ಚರ್ಮಕ್ಕೆ ಸ್ಪರ್ಶ ಕಡಿಮೆ ಇರುತ್ತದೆ, ಅಲ್ಲಿ ಬಿಸಿ ಇಡುವಾಗ ಸುಟ್ಟದ್ದು ಗೊತ್ತಾಗುವುದಿಲ್ಲ, ಟವೆಲ್ ಸುತ್ತಿಯೇ ಇಡಿ.

ಸಿಸ್ಟರ್_ಹೊಸಂಗಡಿ

ಎರಡು ಝೀರೊಡಾಲ್‌ಗೆ ಹೆದರುವುದು ಬೇಡ. ಮುಂದೆ ತಿನ್ನಬೇಡಿ, ಅಷ್ಟೆ. ಕಕ್ಕಸಿಗೆ ಹೋಗುವ ಸಲ ಹೆಚ್ಚಾಯಿತೇ, ರಕ್ತ ಕಂಡಿತೇ, ತಡೆಯಲಾಗದ ಒತ್ತಡ, ಹೊಟ್ಟೆ ಕೆಳಗೆ ಸೆಳೆತ ಬಂತೇ ಎಂದು ಒಂದು ವಾರ ನೋಡಿ. ಬಂದರೆ ಡಾಕ್ಟರಿಗೆ ಹೇಳುವಾಗ ಈ ಮಾತ್ರೆಯ ಹೆಸರನ್ನೂ ತಾರೀಕನ್ನೂ ಹೇಳಿ. ಮತ್ತೆ ಮತ್ತೆ ಪೌಚೈಟಿಸ್ (ಪೌಚಿನ ಉರಿಯೂತ) ಬಂದು ಆಂಟಿಬಯೋಟಿಕ್ಕಿಗೂ ಜಗ್ಗದೆ ಇದ್ದವರಲ್ಲಿ ಮೂಲ ಕಾರಣ ಮನೆಯ ಡಬ್ಬದಲ್ಲಿದ್ದ ನೋವಿನ ಮಾತ್ರೆ ಎಂದು ಗೊತ್ತಾಗುವುದುಂಟು. ಹಿಮೋಗ್ಲೋಬಿನ್ ಮೆಲ್ಲಮೆಲ್ಲನೆ ಇಳಿಯುತ್ತಿದ್ದರೂ ಇದನ್ನು ನೆನಪು ಮಾಡಬೇಕು.

ಮುಲಾಮಿನ ಪ್ರಶ್ನೆ ಹಾಗೇ ಉಳಿಯಿತು. ಡೈಕ್ಲೋಫೆನಾಕ್ ಜೆಲ್ ಹಚ್ಚಿದರೆ ರಕ್ತಕ್ಕೆ ಸೇರುವುದು ನುಂಗಿದ್ದರ ನೂರಕ್ಕೆ ಆರರಷ್ಟು. ಕೈಬೆರಳು, ಮೊಣಕಾಲಿನಂಥ ಚಿಕ್ಕ ಜಾಗಕ್ಕೆ ಕೆಲವು ದಿನ ಹಚ್ಚಲು ಹೆಚ್ಚಿನ ಡಾಕ್ಟರುಗಳು ಒಪ್ಪುತ್ತಾರೆ. ಇಡೀ ಬೆನ್ನಿಗೆ ದಿನಕ್ಕೆ ನಾಲ್ಕು ಸಲ ತಿಂಗಳುಗಟ್ಟಲೆ ಬಳಿದರೆ ಆ ಲೆಕ್ಕ ನಿಲ್ಲುವುದಿಲ್ಲ. ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಟ್ಟರೆ ಒಳಗೆ ಹೋಗುವುದು ಹೆಚ್ಚುತ್ತದೆ. ಘಾಟು ಬರುವ ಬಾಮ್‌ಗಳಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಇರುತ್ತದೆ, ಅದು ಆಸ್ಪಿರಿನ್ನಿನ ಸಂಬಂಧಿ, ಸ್ವಲ್ಪ ಸಾಕು. ಪೌಚಿನ ಮಟ್ಟಿಗೆ ಯಾವ ತೊಂದರೆಯೂ ಇಲ್ಲದ್ದು ಲಿಡೊಕೇಯ್ನ್ ಪ್ಯಾಚ್, ಕ್ಯಾಪ್ಸೈಸಿನ್ ಕ್ರೀಮ್. ಕ್ಯಾಪ್ಸೈಸಿನ್ ಎಂದರೆ ಮೆಣಸಿನ ಖಾರ, ಹಚ್ಚಿದ ಕೈ ತೊಳೆಯದೆ ಕಣ್ಣಿಗೂ ಕಕ್ಕಸಿಗೂ ಹೋಗಬಾರದು!

ಪೌಚ್_ಕುಂಬಳೆ

ನನಗೂ ಪೌಚ್ ಉಂಟು. ಎಲ್ಲರೂ ಮಾತ್ರೆಯ ಬಗ್ಗೆ ಹೇಳಿದಿರಿ. ಮಾತ್ರೆಯಿಂದ ಮುಚ್ಚಬಾರದ ನೋವುಗಳನ್ನು ಸೇರಿಸುತ್ತೇನೆ, ತಪ್ಪಾಗುವುದು ಹೆಚ್ಚು ಅಲ್ಲೇ.

ಹೊಟ್ಟೆ ಉಬ್ಬಿ, ಅಲೆ ಅಲೆಯಾಗಿ ಹಿಂಡುವ ನೋವು, ವಾಂತಿ, ಗಂಟೆಗಟ್ಟಲೆ ಮಲವೂ ಇಲ್ಲ ಗಾಳಿಯೂ ಇಲ್ಲ ಎಂದಾದರೆ ಕರುಳು ಕಟ್ಟಿದೆ ಎಂದೇ ತಿಳಿಯಬೇಕು. ಆಪರೇಷನ್ ಆದ ಹೊಟ್ಟೆಯಲ್ಲಿ ಕರುಳು ಅಂಟಿಕೊಳ್ಳುವುದು ಸಾಮಾನ್ಯ. ಹಲಸಿನ ತೊಳೆ, ಅಣಬೆ, ಸರಿಯಾಗಿ ಅಗಿಯದ ತೆಂಗಿನಕಾಯಿ ಹೋಳು ಅಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಲೋಪೆರಮೈಡ್, ಡೈಸೈಕ್ಲೊಮಿನ್, ಟ್ರಾಮಡಾಲ್ ಮೂರೂ ವಿಷದ ಹಾಗೆ, ಮೂರೂ ಕರುಳಿನ ಚಲನೆ ನಿಲ್ಲಿಸುವಂಥವು. ಊಟ ನಿಲ್ಲಿಸಿ ಕ್ಯಾಶುವಾಲಿಟಿಗೆ ಹೋಗಬೇಕು. ಜ್ವರದ ಜೊತೆ ಗುದದ ಸುತ್ತ ಅಥವಾ ಹೊಟ್ಟೆ ಅಡಿಯಲ್ಲಿ ಮಿಡಿಯುವ ನೋವು ಇದ್ದರೆ ಕೀವು ಕಟ್ಟಿರಬಹುದು, ಪ್ಯಾರಾಸಿಟಮಾಲ್ ಜ್ವರ ಇಳಿಸಿ ಅದನ್ನು ಮರೆಮಾಡುತ್ತದೆ.

ಕೀಲುನೋವು ಬಂದರೆ ಮೊದಲು ಪೌಚನ್ನು ನೋಡಿ. ಮೊಣಕಾಲು, ಹಿಮ್ಮಡಿ ಕೀಲು ನೋಯುವುದೂ ಕಕ್ಕಸಿನ ಸಲ ಹೆಚ್ಚಿದ್ದೂ ಒಂದೇ ವಾರ ಶುರುವಾದರೆ ಅದು ಪೌಚೈಟಿಸ್‌ನ ಜೊತೆ ಬಂದದ್ದಿರಬಹುದು. ಎರಡು ವಾರ ಸಿಪ್ರೊಫ್ಲಾಕ್ಸಾಸಿನ್ (ಸಿಪ್ರೊ) ಅಥವಾ ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್ ಕೊಟ್ಟು ಪೌಚ್ ಸರಿಯಾದರೆ ಕೀಲೂ ಸರಿಯಾಗುತ್ತದೆ. ಬೆಳಿಗ್ಗೆ ಎದ್ದಾಗ ಸೊಂಟ ಮರಗಟ್ಟಿ, ಓಡಾಡಿದ ಮೇಲೆ ಸಡಿಲವಾಗುವ ನೋವು ಕೆಲಸದ ನೋವಲ್ಲ, ವಿಶ್ರಾಂತಿಯಲ್ಲಿ ಹೆಚ್ಚುತ್ತದೆ. ಪೆರ್ಲದವರೇ, ತಮ್ಮನ ಹತ್ತಿರ ಇದೊಂದನ್ನು ಕೇಳಿ ನೋಡಿ. ಹೌದೆಂದರೆ ರುಮಟಾಲಜಿಯವರಿಗೆ ತೋರಿಸಬೇಕು, ಅದಕ್ಕೆ ಮದ್ದೇ ಬೇರೆ.

ಮದ್ದಿನಿಂದಲೇ ಬರುವ ನೋವೂ ಉಂಟು. ಸಿಪ್ರೊ ತಿನ್ನುವಾಗ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ನೋಯಲು ಶುರುವಾದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಬೇಕು, ಅದು ಹರಿಯುವ ಅಪಾಯ ಇದೆ. ಮೆಟ್ರೊನಿಡಜೋಲ್ ತುಂಬ ದಿನ ತಿಂದರೆ ಪಾದ ಉರಿ, ಜುಮ್ಮೆನ್ನುವುದು. ಪಾದದ ಉರಿಗೆ ಬಿ-12 ಕೊರತೆಯೂ ಕಾರಣ ಆಗಬಹುದು, ಅದನ್ನು ಹೀರಿಕೊಳ್ಳುವ ಇಲಿಯಮ್ಮಿನ ತುದಿಯೇ ಈಗ ಪೌಚ್ ಆಗಿದೆ.

ಸೊಂಟ ಹಿಡಿದಾಗ ಸ್ನಾಯು ಸಡಿಲಿಸುವ ಮಾತ್ರೆ ಕೊಡುವುದುಂಟು. ಟೈಜಾನಿಡಿನ್ ಮತ್ತು ಸಿಪ್ರೊ ಒಟ್ಟಿಗೆ ಕೂಡದು. ಸಿಪ್ರೊ ಅದನ್ನು ದೇಹದಿಂದ ಹೊರಹೋಗದಂತೆ ತಡೆದು ರಕ್ತದಲ್ಲಿ ಹಲವು ಪಟ್ಟು ಏರಿಸುತ್ತದೆ, ಬಿ.ಪಿ. ಕುಸಿದು ತಲೆ ತಿರುಗಿ ಬೀಳುತ್ತಾರೆ. ಥಿಯೊಕೊಲ್ಚಿಕೊಸೈಡ್ ಬೇಧಿ ಮಾಡಿಸುತ್ತದೆ. ಕ್ಲೋರ್ಜಾಕ್ಸಜೋನ್ ನಮ್ಮಲ್ಲಿ ಬರುವುದೇ ಹೆಚ್ಚಾಗಿ ಡೈಕ್ಲೋಫೆನಾಕ್ ಅಥವಾ ಅಸಿಕ್ಲೋಫೆನಾಕ್ ಬೆರೆಸಿ.

ಪ್ಯಾರಾಸಿಟಮಾಲ್ ಸಾಲದಾದಾಗ ಮುಂದಿನದು ಟ್ರಾಮಡಾಲ್. 2018ರಿಂದ ಅದು ಮಾದಕವಸ್ತು ಕಾಯ್ದೆಯೊಳಗೆ ಬಂದಿದೆ, ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಅಲ್ಟ್ರಾಸೆಟ್‌ನಲ್ಲಿ ಟ್ರಾಮಡಾಲ್ 37.5, ಪ್ಯಾರಾಸಿಟಮಾಲ್ 325. ಅದನ್ನು ತಿನ್ನುವ ಹೊತ್ತಿಗೆ ಮತ್ತೊಂದು ಪೂರ್ತಿ ಡೋಲೋ ಸೇರಿಸಿದರೆ ಲೆಕ್ಕ ಏರುತ್ತದೆ. ಪೌಚಿಗೆ ಹುಣ್ಣು ಮಾಡುವುದಿಲ್ಲ, ಬದಲಿಗೆ ಕರುಳನ್ನು ನಿಧಾನ ಮಾಡುತ್ತದೆ. ಆದ್ದರಿಂದ ಅದನ್ನು ತಿನ್ನುವ ದಿನ ರಾತ್ರಿಯ ಲೋಪೆರಮೈಡ್ ಬೇಕೇ ಎಂದು ಕೇಳಿಕೊಳ್ಳಿ. ಎರಡೂ ಸೇರಿ ಪೌಚ್ ಖಾಲಿಯಾಗದೆ ತುಂಬಿ ನಿಲ್ಲುವುದುಂಟು. ಮೊದಲ ದಿನ ವಾಂತಿ, ತಲೆಸುತ್ತು ಸಹಜ, ಅಡಿಕೆ ಮರ ಹತ್ತುವ ದಿನ ತಿನ್ನಬೇಡಿ. ಫಿಟ್ಸ್ ಇದ್ದವರಿಗೆ ಆಗದು. ಖಿನ್ನತೆಯ ಮಾತ್ರೆ ತಿನ್ನುವವರು ಡಾಕ್ಟರಿಗೆ ಹೇಳದೆ ಮುಟ್ಟಬಾರದು. ಐದಾರು ದಿನಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ನೋವಿನ ಕಾರಣ ಹುಡುಕುವುದು ಬಾಕಿ ಇದೆ ಎಂದರ್ಥ.

ಕಾಲಿಗೆ ಇಳಿಯುವ ನರದ ನೋವಿಗೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ರಾತ್ರಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಕೊಡುತ್ತಾರೆ. ಪೌಚಿಗೆ ಇವುಗಳ ತೊಂದರೆ ಇಲ್ಲ. ಅಮಿಟ್ರಿಪ್ಟಿಲಿನ್ ಕಕ್ಕಸಿನ ಸಲವನ್ನು ಸ್ವಲ್ಪ ತಗ್ಗಿಸುತ್ತದೆ ಕೂಡ, ರಾತ್ರಿ ನಿದ್ದೆ ಮುರಿಯುವವರಿಗೆ ಅದು ಲಾಭವೇ.

ಉಪ್ಪಳ_ಅಕ್ಕ

ಮುಟ್ಟಿನ ನೋವಿಗೆ ಎಂತ ಮಾಡುವುದು? ಮೆಫ್ಟಾಲ್-ಸ್ಪಾಸ್ ಬಿಟ್ಟರೆ ಬೇರೆ ಯಾರೂ ಬರೆಯುವುದೇ ಇಲ್ಲ. ಹಲ್ಲು ಕೀಳಿಸುವುದೂ ಬಾಕಿ ಉಂಟು.

ಔಷಧಿ_ಕಪಾಟು

ಅಕ್ಕ, ಮೆಫೆನಾಮಿಕ್ ಆಸಿಡ್ ಪೌಚ್ ಇಲ್ಲದವರಿಗೂ ಬೇಧಿ ತರಿಸುವ ಮಾತ್ರೆ. ಬದಲಿಗೆ ಡ್ರೊಟಾವೆರಿನ್ ಇದೆ, 40 ಅಥವಾ 80 ಮಿಲಿಗ್ರಾಂ, ಜೊತೆಗೆ ಪ್ಯಾರಾಸಿಟಮಾಲ್. ಡ್ರೊಟಿನ್ ಎಂದು ಕೇಳುವಾಗ ಕೊನೆಗೆ "ಎಂ" ಇಲ್ಲದ್ದು ನೋಡಿ, ಡ್ರೊಟಿನ್-ಎಂನಲ್ಲಿ ಮತ್ತೆ ಮೆಫೆನಾಮಿಕ್ಕೇ ಇರುವುದು. ಸೈಕ್ಲೊಪ್ಯಾಮ್ ಮಾತ್ರೆಯಲ್ಲಿ ಡೈಸೈಕ್ಲೊಮಿನ್ ಮತ್ತು ಪ್ಯಾರಾಸಿಟಮಾಲ್ ಇರುತ್ತದೆ, ಅದೂ ಆದೀತು. ಮುಟ್ಟು ಶುರುವಾಗುವ ಲಕ್ಷಣ ಕಂಡ ಕೂಡಲೇ ಮೊದಲ ಮಾತ್ರೆ, ಕಿಬ್ಬೊಟ್ಟೆಗೆ 15-20 ನಿಮಿಷ ಬಿಸಿನೀರಿನ ಚೀಲ. ಪ್ರತಿ ತಿಂಗಳೂ ಇದು ಸಾಲದಿದ್ದರೆ ಹಾರ್ಮೋನಿನ ದಾರಿಗಳಿವೆ, ಸ್ತ್ರೀರೋಗದವರನ್ನು ಕೇಳಿ. ಪೌಚ್ ಆಪರೇಷನ್ ಆದ ವಿಷಯ ಅವರಿಗೆ ಮೊದಲೇ ಹೇಳಿ.

ಹಲ್ಲಿನದ್ದು: ಕುರ್ಚಿಯಲ್ಲಿ ಕೂರುವ ಮೊದಲು ಹೇಳಬೇಕು, ಚೀಟಿ ಬರೆದಾದ ಮೇಲೆ ಅಲ್ಲ. ಹಲ್ಲಿನವರು ಅಭ್ಯಾಸಬಲದಿಂದ ಕೆಟೊರೊಲ್-ಡಿಟಿ ಅಥವಾ ಝೀರೊಡಾಲ್-ಎಸ್‌ಪಿ ಬರೆಯುತ್ತಾರೆ. ಬುಪಿವಕೇಯ್ನ್ ಎಂಬ ಹೆಚ್ಚು ಹೊತ್ತು ನಿಲ್ಲುವ ಅರಿವಳಿಕೆ ಕೊಡಲಾದೀತೇ ಎಂದು ಕೇಳಿ. ಅದರ ಮರಗಟ್ಟು ಇಳಿಯುವ ಮೊದಲೇ ಪ್ಯಾರಾಸಿಟಮಾಲ್ ಶುರು, ಆರು ಗಂಟೆಗೊಮ್ಮೆ ಎರಡು ದಿನ. ಮೊದಲ ರಾತ್ರಿಗೆ ಒಂದೆರಡು ಟ್ರಾಮಡಾಲ್ ಬರೆಸಿಕೊಂಡಿದ್ದರೆ ಸಾಕು. ಅಮಾಕ್ಸಿಕ್ಲಾವ್ ಎಂಬ ಆಂಟಿಬಯೋಟಿಕ್ ನಿಜವಾಗಿ ಬೇಕೇ ಎಂದೂ ಕೇಳಿ, ಬೇಧಿ ಹೆಚ್ಚಿಸುವುದರಲ್ಲಿ ಅದು ಮುಂದು. ಆಂಟಿಬಯೋಟಿಕ್ ಆದ ಮೇಲೆ ಸಿ-ಡಿಫಿಸಿಲ್ ಎಂಬ ಬೇಧಿಯ ಸೋಂಕು ಪೌಚಿನಲ್ಲೂ ಆಗುತ್ತದೆ.

ಸಿಸ್ಟರ್_ಹೊಸಂಗಡಿ

ಕ್ಯಾಶುವಾಲಿಟಿಯ ವಿಷಯ ಒಂದು ಬಿಟ್ಟುಹೋಯಿತು. ಪೌಚ್ ಇದ್ದವರಿಗೆ ಮೂತ್ರ ಕಡಿಮೆಯಾಗಿ ಕಿಡ್ನಿಕಲ್ಲು ಬೇಗ ಆಗುತ್ತದೆ. ಕಲ್ಲಿನ ನೋವೆಂದು ಹೋದ ಕೂಡಲೇ ಡೈಕ್ಲೋಫೆನಾಕ್ 75 ಇಂಜೆಕ್ಷನ್ ಸಿರಿಂಜಿಗೆ ಎಳೆದಾಗಿರುತ್ತದೆ, ಅದು ಅಲ್ಲಿನ ಕ್ರಮ. ನೋವಿನಲ್ಲಿ ಇರುವವನಿಗೆ ವಿವರಿಸಲಿಕ್ಕೂ ಆಗುವುದಿಲ್ಲ. ಬದಲಿಗೆ ಡ್ರಿಪ್ಪಿನಲ್ಲಿ ಪ್ಯಾರಾಸಿಟಮಾಲ್ 1 ಗ್ರಾಂ ಹದಿನೈದು ನಿಮಿಷದಲ್ಲಿ ಕೊಡಬಹುದು, ಸಾಲದಿದ್ದರೆ ಟ್ರಾಮಡಾಲ್ ಅಥವಾ ಮಾರ್ಫಿನ್. ಜೀವ ಹೋಗುವ ನೋವಿಗೆ ಬೇರೇನೂ ಇಲ್ಲದೆ ಒಂದು ಇಂಜೆಕ್ಷನ್ ಬಿದ್ದರೆ ಪೌಚ್ ಹಾಳಾಗಿ ಹೋಗುವುದಿಲ್ಲ, ನೀರಿಳಿದ ಕಿಡ್ನಿಯ ಚಿಂತೆ ಅದಕ್ಕಿಂತ ಹೆಚ್ಚು. ಮೊದಲು ಡ್ರಿಪ್ ಹಾಕಿ ಎಂದು ಹೇಳಿ.

ಒಂದು ಕಾರ್ಡ್ ಪರ್ಸಿನಲ್ಲಿ ಇರಲಿ. ತಲಪಾಡಿ ದಾಟಿ ಮಂಗಳೂರಿಗೆ ಹೋದರೂ, ಕಾಸರಗೋಡು, ಕಾಞಂಗಾಡಿನ ಕಡೆ ಹೋದರೂ ಓದುವವರು ಬೇರೆ ಬೇರೆ, ಇಂಗ್ಲಿಷ್ ಮತ್ತು ಮಲಯಾಳ ಎರಡರಲ್ಲೂ ಬರೆಸಿ. ನಾಲ್ಕು ಸಾಲು ಸಾಕು: ದೊಡ್ಡಕರುಳು ಇಲ್ಲ, ಜೆ-ಪೌಚ್ ಇದೆ. ಎನ್‌ಎಸ್‌ಎಐಡಿ ಮಾತ್ರೆ, ಇಂಜೆಕ್ಷನ್, ಸಪೊಸಿಟರಿ ಬೇಡ. ಎನಿಮಾ ಬೇಡ. ಬೇಗ ನೀರಿಳಿಯುತ್ತದೆ. ಓಪಿ ಚೀಟಿಯಲ್ಲಿ ಅಲರ್ಜಿ ಎಂಬ ಜಾಗಕ್ಕೂ ಎನ್‌ಎಸ್‌ಎಐಡಿ ಎಂದು ಬರೆಯಲು ಹೇಳಿ. ಅಲರ್ಜಿ ಅಲ್ಲ, ಗೊತ್ತು. ಆದರೆ ಎಲ್ಲರ ಕಣ್ಣೂ ಬೀಳುವ ಜಾಗ ಅದೊಂದೇ.

ಮಳೆಗಾಲದಲ್ಲಿ ಮತ್ತೊಂದು. ಜ್ವರ, ಮೀನಖಂಡ ಮುಟ್ಟಲಾರದಷ್ಟು ನೋವು, ಕಣ್ಣು ಕೆಂಪು ಎಂದರೆ ಮೈಕೈ ನೋವಿನ ಮಾತ್ರೆ ಹುಡುಕಬೇಡಿ, ಇಲಿಜ್ವರ ಇರಬಹುದು. ತೋಟದ ಕೆಸರಿನಲ್ಲಿ ನಿಲ್ಲುವವರಿಗೆ ನಮ್ಮ ಜಿಲ್ಲೆಯಲ್ಲಿ ಅದು ಅಪರೂಪವಲ್ಲ. ಅದೂ ಕಿಡ್ನಿ, ಲಿವರ್ ಎರಡನ್ನೂ ಹಿಡಿಯುತ್ತದೆ. ಕೆಸರಿನ ಕೆಲಸ ಇರುವ ವಾರಗಳಲ್ಲಿ ಮುಂಜಾಗ್ರತೆಗೆಂದು ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ಆರೋಗ್ಯ ಕೇಂದ್ರದಲ್ಲಿ ಕೊಡುತ್ತಾರೆ, ತಮ್ಮ ತೆಗೆದುಕೊಳ್ಳಬಹುದೇ ಎಂದು ಅವನ ಡಾಕ್ಟರನ್ನು ಕೇಳಿಡಿ. ಡೆಂಗಿ ಇದ್ದರೂ ಪ್ಯಾರಾಸಿಟಮಾಲ್ ಮಾತ್ರ, ಅದು ಪೌಚ್ ಇಲ್ಲದವರಿಗೂ ಅದೇ.

ಬಾಯಾರು_ಬೈಲು

ಹಾಗಾದರೆ ಹೃದಯಕ್ಕೆಂದು ದಿನಾ ತಿನ್ನುವ ಇಕೋಸ್ಪ್ರಿನ್ 75 (ಆಸ್ಪಿರಿನ್) ಕೂಡ ನಿಲ್ಲಿಸಬೇಕೇ? ನಮ್ಮ ಮಾವನಿಗೆ ಪೌಚೂ ಉಂಟು, ಸ್ಟೆಂಟೂ ಉಂಟು. ಮತ್ತೆ ಮೆಸಲಮೈನ್ ಸಪೊಸಿಟರಿ ಕೊಟ್ಟಿದ್ದಾರೆ, ಅದೂ ಆಸ್ಪಿರಿನ್ ಜಾತಿಯೇ ಅಂತೆ.

ಪೌಚ್_ಕುಂಬಳೆ

ನಿಲ್ಲಿಸಬೇಡಿ. ಸ್ಟೆಂಟ್ ಇದ್ದವರು ಇಕೋಸ್ಪ್ರಿನ್ ತಾವಾಗಿ ಬಿಟ್ಟರೆ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಪೌಚಿನಲ್ಲಿ ರಕ್ತ ಕಂಡರೆ ಹೃದಯದ ಡಾಕ್ಟರೂ ಗ್ಯಾಸ್ಟ್ರೋದವರೂ ಮಾತಾಡಿ ತೀರ್ಮಾನಿಸಬೇಕಾದ ವಿಷಯ ಅದು. ಮೆಸಲಮೈನ್ ಬೇರೆ, ಅದು ಗುದದ ಬಳಿ ಉಳಿಸಿದ ಹಳೆಯ ಕರುಳಿನ ಪಟ್ಟಿಯ ಉರಿಯೂತಕ್ಕೆ ಕೊಡುವ ಮದ್ದು, ನೋವಿನ ಮಾತ್ರೆಗಳ ಸಾಲಿಗೆ ಸೇರುವುದಿಲ್ಲ. ಹೇಳಿದಷ್ಟು ದಿನ ಇಡಲಿ.